ಸರ್ಕಾರಿ ಕಾಗದದಲ್ಲಿ 'ಏಲಿಯನ್' ಅಂತ ಬರೆದರೆ ನಿಮಗೆ ಬೇಜಾರಾಗುತ್ತದಾ?

ಹಾಸನ್_ಟು_ಹೂಸ್ಟನ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಟ್ಯಾಕ್ಸ್ ಕಟ್ಟುವ ಕಾಲ. ನಮ್ಮ ಕಡೆಯಿಂದ ಎಂ.ಎಸ್. ಓದಲು ಬಂದಿರುವ ಹುಡುಗನೊಬ್ಬ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು 1040-ಎನ್‌ಆರ್ ಫಾರಂ ತುಂಬುತ್ತಿದ್ದ. ಫಾರಂ ನೆತ್ತಿಯ ಮೇಲೇ 'ನಾನ್‌ರೆಸಿಡೆಂಟ್ ಏಲಿಯನ್' (ಇಲ್ಲಿ ನೆಲೆಸದ ವಿದೇಶಿ) ಅಂತ ಅಚ್ಚಾಗಿದೆ. "ಅಣ್ಣ, ಇವರು ನಮ್ಮನ್ನ ಹಿಂಗೇ ಕರೆಯೋದಾ?" ಅಂದ. ಮುಖ ಸಣ್ಣಗಾಗಿತ್ತು.

ನನಗೆ ನಗು ಬಂತು, ಯಾಕೆಂದರೆ ನಾನು ಪ್ರಮೋಷನ್ ಆದವನು. ನಾನು 'ರೆಸಿಡೆಂಟ್ ಏಲಿಯನ್'. ಈ ಪ್ರಮೋಷನ್‌ಗೂ ಒಂದು ಲೆಕ್ಕ ಇದೆ. ಈ ವರ್ಷ ಇಲ್ಲಿದ್ದ ದಿನಗಳಷ್ಟೂ, ಹೋದ ವರ್ಷದ್ದರಲ್ಲಿ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಭಾಗ. ಎಲ್ಲಾ ಕೂಡಿಸಿ 183 ದಿನ ಮುಟ್ಟಿದರೆ ನೀವು ರೆಸಿಡೆಂಟ್. ವಿದ್ಯಾರ್ಥಿ ವೀಸಾದವರಿಗೆ ಮೊದಲ ಐದು ವರ್ಷ ಈ ಎಣಿಕೆಯೇ ಇಲ್ಲ. ಇದನ್ನೆಲ್ಲ ವಿವರಿಸುವ ಸರ್ಕಾರಿ ಕೈಪಿಡಿಯ ಹೆಸರೇ 'ಟ್ಯಾಕ್ಸ್ ಗೈಡ್ ಫಾರ್ ಏಲಿಯನ್ಸ್'.

ಹುಡುಗನ ಮುಂದೆ ನಕ್ಕೆನೇನೋ ಸರಿ, ಉತ್ತರ ಮಾತ್ರ ಹೊಳೆಯಲಿಲ್ಲ. ನಿಮಗೆ ಏನನ್ನಿಸುತ್ತದೆ? ಬೇರೆ ದೇಶಗಳಲ್ಲಿ ಇರುವವರೂ ಹೇಳಿ.

ಮಂಡ್ಯ_ಹೈದ

ಬೇಜಾರು ಯಾಕೆ ಗುರು? ಟ್ಯಾಕ್ಸ್ ಕಟ್ಟುವಾಗ ಹೆಸರಿಗಿಂತ ಕೊನೆಯ ಸಾಲಿನ ಮೊತ್ತ ನೋಡಿ ಜಾಸ್ತಿ ಬೇಜಾರಾಗುತ್ತದೆ.

ಆಮೇಲೆ ಇನ್ನೊಂದು. ಇಬಿ-1ಎ ಅನ್ನುವ ಗ್ರೀನ್ ಕಾರ್ಡ್ ವರ್ಗ ಅಂದರೆ ಕಾನೂನಿನ ಭಾಷೆಯಲ್ಲಿ 'ಅಸಾಧಾರಣ ಸಾಮರ್ಥ್ಯದ ಏಲಿಯನ್'. ಅದು ಸಿಕ್ಕವರು ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಂಡು ಊರಿಗೆಲ್ಲ ಹೇಳುತ್ತಾರೆ. ಅಲ್ಲಿ ಯಾರೂ ಮುಖ ಸಣ್ಣಗೆ ಮಾಡಿದ್ದು ನಾನು ನೋಡಿಲ್ಲ.

ಎಡಿಸನ್_ತಾತ

ನಾನು ಬಂದದ್ದು 1981ರಲ್ಲಿ. ನನ್ನ ಗ್ರೀನ್ ಕಾರ್ಡಿನ ಮೇಲೇ 'ರೆಸಿಡೆಂಟ್ ಏಲಿಯನ್' ಅಂತ ಇತ್ತು. 'ಪರ್ಮನೆಂಟ್ ರೆಸಿಡೆಂಟ್ ಕಾರ್ಡ್' ಅಂತ ಹೆಸರು ಬದಲಾಗಿದ್ದು 1997ರಲ್ಲಿ. ನಾನು ಬಂದ ಹೊಸದರಲ್ಲಿ ಬಾಹ್ಯಾಕಾಶದ ಸಿನಿಮಾಗಳ ಭರಾಟೆ. ನಮ್ಮ ಮಗಳು ಸ್ಕೂಲಿನಿಂದ ಬಂದು, ಟಿ.ವಿ.ಯಲ್ಲಿ ಬರುವ ಹಸಿರು ಮುಖದವನ ಹೆಸರು ಅಪ್ಪನ ಕಾರ್ಡಿನಲ್ಲಿ ಯಾಕಿದೆ ಅಂತ ಕೇಳುತ್ತಿದ್ದಳು.

ನಮಗೆ ಆಗ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಕಾರ್ಡ್ ಕೈಗೆ ಬಂತಲ್ಲ, ಅಷ್ಟೇ ಸಾಕಿತ್ತು. ಈಗಿನ ಮಕ್ಕಳಿಗೆ ಎಲ್ಲವೂ ಚುಚ್ಚುತ್ತದೆ.

ಕರಿಕೋಟು

ವಲಸೆ ಕಾನೂನಿನಲ್ಲೇ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಸಹಿಸಿಕೊಳ್ಳಿ.

ಈ ಪದ ಸಿನಿಮಾದಿಂದ ಬಂದದ್ದಲ್ಲ. ಅಮೆರಿಕದ ಕಾನೂನಿನಲ್ಲಿ 1790ರಿಂದಲೂ ಇದೆ. 1798ರಲ್ಲಿ ಬಂದ 'ಏಲಿಯನ್ ಎನಿಮೀಸ್ ಆಕ್ಟ್' (ಶತ್ರು ದೇಶದವರ ಕಾಯ್ದೆ) ಇನ್ನೂ ಜೀವಂತ. 1812ರ ಯುದ್ಧದಲ್ಲಿ, ಎರಡೂ ಮಹಾಯುದ್ಧಗಳಲ್ಲಿ ಬಳಸಿದರು. 2025ರ ಮಾರ್ಚ್‌ನಲ್ಲಿ ವೆನೆಜುವೆಲಾದವರ ಮೇಲೆ ಮತ್ತೆ ಹೊರತೆಗೆದರು. ಈಗ ನಾವೆಲ್ಲ ಬದುಕುತ್ತಿರುವುದು 1952ರ ವಲಸೆ ಕಾಯ್ದೆಯಡಿ. ಅದರಲ್ಲಿ ಅರ್ಥ ಒಂದೇ ಸಾಲು: ಅಮೆರಿಕದ ಸಿಟಿಜನ್ ಅಥವಾ ನ್ಯಾಷನಲ್ ಅಲ್ಲದ ಯಾರೇ ಆದರೂ ಏಲಿಯನ್. ಬೈಗುಳ ಅಲ್ಲ, ಹೊಗಳಿಕೆಯೂ ಅಲ್ಲ.

ಆದರೆ ಅದು ಬರೀ ತಾಂತ್ರಿಕ ಪದ ಅಂತ ಹೇಳುವವರು ಒಂದು ವಿಷಯಕ್ಕೆ ಉತ್ತರ ಕೊಡಬೇಕು. ಬರೀ ತಾಂತ್ರಿಕವಾಗಿದ್ದರೆ ಸರ್ಕಾರ ಬದಲಾದ ಹಾಗೆಲ್ಲ ಅದು ಯಾಕೆ ಬದಲಾಗುತ್ತದೆ? 2021ರ ಏಪ್ರಿಲ್‌ನಲ್ಲಿ ಬೈಡನ್ ಆಡಳಿತ ವಲಸೆ ಇಲಾಖೆಗಳಿಗೆ ಸೂಚನೆ ಕೊಟ್ಟು, 'ಏಲಿಯನ್' ಬದಲು 'ನಾನ್‌ಸಿಟಿಜನ್' ಅನ್ನಿ ಅಂದಿತು. 2025ರಲ್ಲಿ ಟ್ರಂಪ್ ಆಡಳಿತ ಬಂದ ಕೂಡಲೇ ಹಳೆಯದಕ್ಕೆ ವಾಪಸ್. ಎರಡು ಕಡೆಯವರಿಗೂ ಆ ಪದದ ತೂಕ ಚೆನ್ನಾಗಿ ಗೊತ್ತು.

ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಹಾಗೇ. 2020ರ ಬಾರ್ಟನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕ್ಯಾವನಾ, ಕಾನೂನಿನ 'ಏಲಿಯನ್' ಇರುವ ಕಡೆ ತಾವು 'ನಾನ್‌ಸಿಟಿಜನ್' ಬಳಸುತ್ತೇವೆ ಅಂತ ಅಡಿಟಿಪ್ಪಣಿ ಹಾಕಿದರು. ಅವರನ್ನು ನೇಮಿಸಿದ್ದು ಟ್ರಂಪ್ ಅನ್ನುವುದು ನೆನಪಿರಲಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ಕಥೆ ಇನ್ನೂ ಮಜವಾಗಿದೆ. ಪುಸ್ತಕಗಳನ್ನು ವಿಷಯವಾರು ಜೋಡಿಸುವಾಗ 'ಇಲ್ಲೀಗಲ್ ಏಲಿಯನ್ಸ್' ಅನ್ನುವ ತಲೆಬರಹ ಬೇಡ ಅಂತ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಕೇಳಿದರು. 2016ರಲ್ಲಿ ಲೈಬ್ರರಿ ಒಪ್ಪಿತು. ಸಂಸತ್ತಿನ ಕೆಳಮನೆ ಅಡ್ಡಗಾಲು ಹಾಕಿತು. ಕೊನೆಗೆ ಬದಲಾದದ್ದು 2021ರಲ್ಲಿ. ಪುಸ್ತಕದ ಕಪಾಟಿನ ಒಂದು ಚೀಟಿಗೆ ಐದು ವರ್ಷ!

ಮಂಡ್ಯ_ಹೈದ

ಮೇಡಂ, ಫೀಸ್ ಇಲ್ಲದೆ ಇಷ್ಟು ಬರೆದಿರಲ್ಲ, ಧನ್ಯವಾದ. ಆದರೂ ನನ್ನ ಮಾತು ಅದೇ. ಚೀಟಿ ಬದಲಾಯಿಸಿದರೆ ಗ್ರೀನ್ ಕಾರ್ಡ್ ಕ್ಯೂ ಒಂದಿಂಚು ಮುಂದೆ ಹೋಗುತ್ತದಾ? 2023ರಲ್ಲಿ, ಗ್ರೀನ್ ಕಾರ್ಡಿಗಾಗಿ ಕಂಪನಿಯವರು ತುಂಬುವ ಪರ್ಮ್ ಫಾರಂನಲ್ಲಿ 'ಏಲಿಯನ್' ತೆಗೆದು 'ಫಾರಿನ್ ವರ್ಕರ್' ಅಂತ ಹಾಕಿದರು. ಭಾರತದವರ ಕ್ಯೂ ಎಲ್ಲಿತ್ತೋ ಅಲ್ಲೇ ಇದೆ.

ಮೇಷ್ಟ್ರು_ಶಿವಮೊಗ್ಗ

ಕ್ಯೂ ಮುಂದೆ ಹೋಗುವುದಿಲ್ಲ, ಒಪ್ಪಿದೆ. ಆದರೆ ಒಂದು ಪದ ಮನೆಮಠ ಕಿತ್ತುಕೊಂಡ ಉದಾಹರಣೆ ನಮ್ಮವರದ್ದೇ ಇದೆ.

1913ರಲ್ಲಿ ಕ್ಯಾಲಿಫೋರ್ನಿಯಾ 'ಏಲಿಯನ್ ಲ್ಯಾಂಡ್ ಲಾ' ತಂದಿತು. ಪೌರತ್ವಕ್ಕೆ ಅನರ್ಹರಾದ ಏಲಿಯನ್‌ಗಳು ಬೇಸಾಯದ ಜಮೀನು ಕೊಳ್ಳುವಂತಿಲ್ಲ ಅಂತ. ಎಲ್ಲೂ 'ಜಪಾನಿ' ಅನ್ನುವ ಮಾತಿಲ್ಲ. ಆದರೆ ಗುರಿ ಅವರೇ. ಹೊರಗಿನಿಂದ ಬಂದವರಲ್ಲಿ ಬಿಳಿಯರು ಅಥವಾ ಆಫ್ರಿಕಾ ಮೂಲದವರು ಮಾತ್ರ ಪೌರರಾಗಬಹುದಾಗಿದ್ದ ಕಾಲ ಅದು.

1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರೂ ಆ ಅರ್ಥದಲ್ಲಿ ಬಿಳಿಯರಲ್ಲ ಅಂದಿತು. ಥಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ತೀರ್ಪು ಬಂದ ಮೇಲೆ ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳಲು ಶುರು ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯಿ 1921ರಲ್ಲಿ ಪೌರರಾಗಿದ್ದರು. ಅದು ಹೋಯಿತು, ಆಸ್ತಿಯೂ ಹೋಯಿತು. ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಕೊಡಲಿಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ, ಲೂಸ್–ಸೆಲ್ಲರ್ ಕಾಯ್ದೆಯಿಂದ.

ತಾತ, ನೀವು ಕಾರ್ಡ್ ಸಿಕ್ಕಿತಲ್ಲ ಸಾಕು ಅಂದಿರಿ. ಕಾರ್ಡ್ ಸಿಗದವರಿಗೆ ಅದೇ ಪದ ಬೇರೆ ಥರ ಕೇಳಿಸುತ್ತದೆ ಅಲ್ವಾ?

ಎಡಿಸನ್_ತಾತ

ಬಗಾಯಿಯವರ ವಿಷಯ ಗೊತ್ತಿರಲಿಲ್ಲ ಮೇಷ್ಟ್ರೇ. ಹೇಳಿದ್ದು ಒಳ್ಳೆಯದಾಯಿತು.

ಹಾಸನ್_ಟು_ಹೂಸ್ಟನ್

ಮೇಷ್ಟ್ರು ಹೇಳಿದ ಮೇಲೆ 2025ರ ಫೆಬ್ರುವರಿ ನೆನಪಾಯಿತು. ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತಲ್ಲ. ಗಡಿ ಪೊಲೀಸರ ಮುಖ್ಯಸ್ಥರೇ ವಿಡಿಯೊ ಹಾಕಿದ್ದರು. ಕೈಗೆ ಬೇಡಿ, ಕಾಲಿಗೆ ಸರಪಳಿ, ಜೊತೆಗೆ 'ಇಲ್ಲೀಗಲ್ ಏಲಿಯನ್ಸ್' ಅನ್ನುವ ಒಕ್ಕಣೆ. ಅವತ್ತು ನಮ್ಮ ಆಫೀಸಿನ ಕನ್ನಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ, "ಅವರು ಬೇರೆ, ನಾವು ಬೇರೆ, ನಾವು ಲೀಗಲ್" ಅಂತ ಮೂರು ಜನ ಬರೆದರು. ಕಾನೂನಿನ ಪ್ರಕಾರ ಅರ್ಧ ಪದ ಇಬ್ಬರಿಗೂ ಒಂದೇ.

ಮ್ಯೂನಿಕ್_ಮಲ್ಲಿಗೆ

ಜರ್ಮನಿಯಿಂದ ಒಂದು ಮಾತು. ಇಲ್ಲಿ ನಮ್ಮ ವೀಸಾ ನೋಡುವ ಕಚೇರಿ 'ಔಸ್‌ಲೆಂಡರ್‌ಬೆಹೋರ್ಡ'. ವಿದೇಶಿಯರ ಕಚೇರಿ ಅಂತ, ಅಷ್ಟೇ. ಅದರಿಂದ ನನಗೆ ಏನೂ ಅನ್ನಿಸಿಲ್ಲ. ನಾನು ವಿದೇಶಿಯೇ ತಾನೆ? ಅಲ್ಲಿ ಅಪಾಯಿಂಟ್‌ಮೆಂಟ್ ಸಿಗದಿರುವುದು ಬೇರೆ ನೋವು. ಅದಕ್ಕೆ ಇನ್ನೊಂದು ಚರ್ಚೆ ಬೇಕು.

ನನ್ನ ಮಗನ ವಿಷಯ ಹಾಗಲ್ಲ. ಅವನು ಹುಟ್ಟಿದ್ದು ಇಲ್ಲೇ, ಪಾಸ್‌ಪೋರ್ಟ್ ಜರ್ಮನಿಯದು, ಕನಸಿನಲ್ಲಿ ಗೊಣಗುವುದೂ ಜರ್ಮನ್‌ನಲ್ಲೇ. ಆದರೂ ಸರ್ಕಾರಿ ಅಂಕಿಅಂಶದಲ್ಲಿ 'ವಲಸೆ ಹಿನ್ನೆಲೆಯವನು'. 2005ರಲ್ಲಿ ಈ ವರ್ಗ ಶುರು ಮಾಡಿದರು. ನೀವು ಅಥವಾ ಅಪ್ಪ-ಅಮ್ಮನಲ್ಲಿ ಒಬ್ಬರು ಹುಟ್ಟಿನಿಂದ ಜರ್ಮನ್ ಪೌರರಲ್ಲದಿದ್ದರೆ ನಿಮಗೆ ಆ ಹಿನ್ನೆಲೆ ಇದೆ ಅಂತ ಲೆಕ್ಕ. ಮೊದಮೊದಲು ಇದು ಮರ್ಯಾದೆಯ ಪದವೇ ಆಗಿತ್ತು. 'ವಿದೇಶಿ' ಅನ್ನಬಾರದು ಅಂತಲೇ ಹುಡುಕಿದ್ದು. ಆಮೇಲೆ ಸ್ಕೂಲಿನಲ್ಲಿ ಗಲಾಟೆ, ಪರೀಕ್ಷೆಯಲ್ಲಿ ಕಡಿಮೆ ಅಂಕ, ಅಪರಾಧ, ಎಲ್ಲ ಸುದ್ದಿಯಲ್ಲೂ ಅದೇ ಬಂತು. 2021ರಲ್ಲಿ ಸರ್ಕಾರದ್ದೇ ತಜ್ಞರ ಸಮಿತಿ ಇದನ್ನು ಬಿಟ್ಟುಬಿಡಿ ಅಂತ ಹೇಳಿತು. ಪಕ್ಕದ ನೆದರ್‌ಲ್ಯಾಂಡ್ಸ್‌ನಲ್ಲೂ 2016ರಲ್ಲಿ 'ಅಲೊಖ್ತೋನ್' ಅನ್ನುವ ಇಂಥದ್ದೇ ಪದವನ್ನು ಅಂಕಿಅಂಶ ಇಲಾಖೆ ಕೈಬಿಟ್ಟಿತು.

ನನ್ನನ್ನು ವಿದೇಶಿ ಅನ್ನಿ, ನಡೆಯುತ್ತದೆ. ಇಲ್ಲೇ ಹುಟ್ಟಿದವನಿಗೆ ಇನ್ನೂ ಎಷ್ಟು ತಲೆಮಾರು ಹಿನ್ನೆಲೆ ಅಂಟಿಸುತ್ತಾರೆ?

ಕುಶಾಲನಗರ_ಕಾಫಿ

ಹೊರದೇಶದ ಮಾತೆಲ್ಲ ಆಯಿತು. ಕಾವೇರಿ ದಾಟಿದರೆ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಟಿಬೆಟಿನವರು ಅಲ್ಲಿದ್ದಾರೆ. ಹೈಸ್ಕೂಲಿನಲ್ಲಿ ನನ್ನ ಜೊತೆ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಅಲ್ಲಿಯವನು. ಕನ್ನಡ ವ್ಯಾಕರಣದಲ್ಲಿ ನನಗಿಂತ ಜಾಸ್ತಿ ಅಂಕ ತೆಗೆಯುತ್ತಿದ್ದ. ಅವನ ಹತ್ತಿರ ಆರ್‌.ಸಿ. ಇತ್ತು. ನಾವು ಬೈಕಿನ ಆರ್‌.ಸಿ. ಅಂದುಕೊಂಡಿದ್ದೆವು. ಅದು ವಿದೇಶಿಯರ ನೋಂದಣಿ ಪತ್ರ. ಮಡಚಿ ಮಡಚಿ ಅಂಚು ಬಿಳಿಯಾದ ಪುಟ್ಟ ಪುಸ್ತಕ, ಒಳಗೆ ಸೀಲಿನ ಮೇಲೆ ಸೀಲು. ಪೊಲೀಸರ ಹತ್ತಿರ ಹೋಗಿ ನವೀಕರಿಸಿಕೊಂಡು ಬರಬೇಕಿತ್ತು.

ನಾವೆಲ್ಲ ಬಾಯಿಮಾತಿನಲ್ಲಿ 'ನಿರಾಶ್ರಿತರು' ಅನ್ನುತ್ತೇವೆ. ಕಾನೂನಿನಲ್ಲಿ ಆ ಪದವೇ ಅವರಿಗಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಅವರು 'ವಿದೇಶಿಯರು' ಮಾತ್ರ. ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅದನ್ನು ಟಿಬೆಟಿನವರಿಗೂ ಅನ್ವಯಿಸಿ ಅಂತ ದೆಹಲಿ ಹೈಕೋರ್ಟು 2010ರಲ್ಲಿ ಹೇಳಬೇಕಾಯಿತು, ನಮ್ಮ ಹೈಕೋರ್ಟು 2013ರಲ್ಲಿ.

ಗೆಳೆಯನಿಗೆ ಆ ಪದ ಕಂಡರೆ ಬೇಜಾರಾ ಅಂತ ಒಮ್ಮೆ ಕೇಳಿದ್ದೆ. "ನಮ್ಮ ಅಜ್ಜಿಗೆ ಅದೇ ಬೇಕು ಮಾರಾಯ. ವಿದೇಶಿ ಅಂತ ಇದ್ದರೆ ವಾಪಸ್ ಹೋಗಲು ಒಂದು ಊರಿದೆ ಅಂತ ಅರ್ಥ ಅನ್ನುತ್ತಾಳೆ. ನನಗೆ ಮಾತ್ರ ಬ್ಯಾಂಕ್ ಪರೀಕ್ಷೆ ಬರೆಯಬೇಕು" ಅಂದ. ಒಂದೇ ಮನೆಯಲ್ಲಿ ಎರಡು ಉತ್ತರ.

ಬ್ಯಾಂಕ್_ಮಾಮ

ನಾನು ವರ್ಗವಾಗಿ ಗುವಾಹಟಿಯಲ್ಲಿ ಇದ್ದವನು. ಅಸ್ಸಾಮಿನ ಮತದಾರರ ಪಟ್ಟಿಯಲ್ಲಿ 1997ರಿಂದ ಕೆಲವರ ಹೆಸರಿನ ಪಕ್ಕ 'ಡಿ' ಅಂತ ಒಂದು ಅಕ್ಷರ ಇದೆ. ಡೌಟ್‌ಫುಲ್. ಸಂಶಯಾಸ್ಪದ ಮತದಾರ. ಓಟು ಹಾಕುವಂತಿಲ್ಲ. ಕೇಸು ಫಾರಿನರ್ಸ್ ಟ್ರಿಬ್ಯೂನಲ್‌ಗೆ ಹೋಗುತ್ತದೆ. ಅಲ್ಲಿ ನೀವು ವಿದೇಶಿ ಅಂತ ಸರ್ಕಾರ ಸಾಬೀತು ಮಾಡಬೇಕಿಲ್ಲ. ಅಲ್ಲ ಅಂತ ನೀವೇ ಸಾಬೀತು ಮಾಡಬೇಕು. 1946ರ ವಿದೇಶಿಯರ ಕಾಯ್ದೆಯಲ್ಲಿ ಹಾಗೆ ಇತ್ತು, ಅದರ ಜಾಗಕ್ಕೆ 2025ರಲ್ಲಿ ಬಂದ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ.

ನಮ್ಮ ಶಾಖೆಗೆ ಬರುತ್ತಿದ್ದ ತರಕಾರಿ ವ್ಯಾಪಾರಿಯೊಬ್ಬರಿಗೆ ಈ ಡಿ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಅಪ್ಪನ ಕಾಲದ ಜಮೀನಿನ ಕಾಗದ, ಸ್ಕೂಲಿನ ಸರ್ಟಿಫಿಕೇಟು, ಎಲ್ಲ ಇಟ್ಟುಕೊಂಡೇ ಓಡಾಡುತ್ತಿದ್ದರು. ಒಂದು ಕಡೆ ಹೆಸರಿನ ಕಾಗುಣಿತ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಬೀದಿಯಲ್ಲಿ ಜಗಳ ಆದರೆ ಎದುರಿನವರು ಬೈಯುತ್ತಿದ್ದದ್ದು ಅದೇ ಅಕ್ಷರ ಹಿಡಿದು. ಸೈನ್ಯದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರನ್ನೇ 2019ರಲ್ಲಿ ವಿದೇಶಿ ಅಂತ ಘೋಷಿಸಿ ಒಳಗೆ ಹಾಕಿದ್ದರು, ಆಮೇಲೆ ಜಾಮೀನು ಸಿಕ್ಕಿತು.

ಮಂಡ್ಯದ ತಮ್ಮ, ನಿನಗೆ 'ಏಲಿಯನ್' ತಮಾಷೆ. ನಿನ್ನ ಜೇಬಿನಲ್ಲಿ ಭಾರತದ ಪಾಸ್‌ಪೋರ್ಟ್ ಇದೆ. ಬೇಡ ಅನ್ನಿಸಿದರೆ ವಿಮಾನ ಹತ್ತಿ ಬರುತ್ತೀಯ. ಹೋಗಲು ಬೇರೆ ಊರೇ ಇಲ್ಲದವನಿಗೆ ವಿದೇಶಿ ಅಂದರೆ ಅವನು ನಗಬೇಕಾ?

ಮಂಡ್ಯ_ಹೈದ

ಮಾಮ, ಈ ಮಾತಿಗೆ ಎದುರಾಡುವುದಿಲ್ಲ. ಆದರೆ ಇದು ನನ್ನ ಪಾಯಿಂಟೇ ಅಲ್ವಾ? 'ಡಿ' ತೆಗೆದು 'ಪರಿಶೀಲನೆಯಲ್ಲಿರುವ ಗೌರವಾನ್ವಿತ ಮತದಾರ' ಅಂತ ಹಾಕಿದರೂ ಓಟಂತೂ ಇಲ್ಲ.

ಬ್ಯಾಂಕ್_ಮಾಮ

ಓಟು ಇಲ್ಲ, ನಿಜ. ಆದರೆ ಸಂತೆಯಲ್ಲಿ ಬೈಯಲು ಒಂದು ಪದ ಕಡಿಮೆ ಆಗುತ್ತಿತ್ತು. ಅದೂ ದೊಡ್ಡದೇ.

ಯಶವಂತಪುರ_ಲೋಕಲ್

ಎಲ್ಲರೂ ಅಮೆರಿಕ, ಅಸ್ಸಾಂ ಅಂತ ಕಣ್ಣೀರು ಹಾಕುತ್ತಿದ್ದೀರಿ. ಬೆಂಗಳೂರಿಗೆ ಬನ್ನಿ. ನಮ್ಮೂರಲ್ಲೇ ನಾವು ಕನ್ನಡ ಮಾತಾಡಿದರೆ ವಿಚಿತ್ರವಾಗಿ ನೋಡುತ್ತಾರೆ. ಅವರನ್ನು 'ವಲಸಿಗರು' ಅಂದರೆ ನಾವು ಕೆಟ್ಟವರು. ಬಂದವರನ್ನು ಬಂದವರು ಅನ್ನದೆ ಇನ್ನೇನು ಅನ್ನಬೇಕು?

ರಾಯಚೂರು_ಬಿಸಿಲು

ಲೋಕಲ್ ಅಣ್ಣ, ನಿಮ್ಮ ಕನ್ನಡದ ಸಿಟ್ಟು ನನಗೂ ಇದೆ. ಆದರೆ 2020ರ ಜನವರಿ ನೆನಪಿದೆಯಾ? ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ 'ಅಕ್ರಮ ಬಾಂಗ್ಲಾದೇಶಿಗಳು' ಅಂತ ಹೇಳಿ ಶೆಡ್‌ಗಳನ್ನು ಕೆಡವಿದರು. ಅಲ್ಲಿ ಅಸ್ಸಾಂ, ತ್ರಿಪುರ, ಬಂಗಾಳದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಮನೆ ಬಿದ್ದ ಮೇಲೆ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು. ಹೈಕೋರ್ಟು ತಡೆ ಕೊಟ್ಟು ಛೀಮಾರಿ ಹಾಕಿತು. ತಗಡಿನ ಶೆಡ್ಡಿನಲ್ಲಿ ಇರುವವನು ಯಾರಾದರೂ ಸರಿ, ಬಾಂಗ್ಲಾದವನೇ ಅಂತ ಆಗಿಬಿಟ್ಟಿತ್ತು.

ನಮ್ಮ ಕಡೆ ಬಿತ್ತನೆ ಕೈಕೊಟ್ಟರೆ ಗುಳೆ ಹೋಗುತ್ತಾರೆ. ನಮ್ಮ ಚಿಕ್ಕಪ್ಪನೂ ಬೆಂಗಳೂರಲ್ಲಿ ಗಾರೆ ಕೆಲಸ ಮಾಡಿದವನು. ಅವನನ್ನು ಪೇಪರಿನವರು 'ವಲಸೆ ಕಾರ್ಮಿಕ' ಅಂದರು. ಅದೇ ಕಟ್ಟಡದಲ್ಲಿ ಫ್ಲ್ಯಾಟ್ ತೆಗೆದುಕೊಂಡ ದೆಹಲಿಯ ಸಾಫ್ಟ್‌ವೇರ್ ಸಾಹೇಬರನ್ನು ಯಾರೂ ವಲಸೆ ಇಂಜಿನಿಯರ್ ಅನ್ನಲಿಲ್ಲ. ಚಿಕ್ಕಪ್ಪ ಕರ್ನಾಟಕದೊಳಗೇ ಇದ್ದ. ಗಡಿ ದಾಟಿದ್ದು ಸಾಹೇಬರು.

ಯಶವಂತಪುರ_ಲೋಕಲ್

ನಾನು ಹೇಳಿದ್ದು ಆ ಸಾಹೇಬರ ಬಗ್ಗೆಯೇ. ಗಾರೆ ಕೆಲಸದವರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಬೇಕಿದ್ದರೆ ಮೇಲೆ ಓದಿ.

ಮೇಟಿ (ನಿರ್ವಾಹಕರು)

ಕಾವೇರಿ, ಬೆಳಗಾವಿ, ಹಿಂದಿ ಹೇರಿಕೆ ಮೂರೂ ಇನ್ನೆರಡು ಪ್ರತಿಕ್ರಿಯೆಯಲ್ಲಿ ಬಂದೇ ಬರುತ್ತವೆ. ಅದಕ್ಕೆ ಮುಂಚೆ ಹೇಳುತ್ತಿದ್ದೇನೆ, ದಯವಿಟ್ಟು ವಿಷಯ ಬಿಡಬೇಡಿ.

ಬಂದರು_ಟು_ಬರ್‌ದುಬೈ

ಮೇಟಿ ಸಾರ್, ವಿಷಯಕ್ಕೇ ಬರುತ್ತೇನೆ. ಗಲ್ಫ್‌ನಲ್ಲಿ ಇಂಗ್ಲೆಂಡಿನಿಂದ ಬಂದವನು 'ಎಕ್ಸ್‌ಪ್ಯಾಟ್', ನಮ್ಮ ಬಂಟ್ವಾಳದಿಂದ ಬಂದವನು 'ಲೇಬರ್'. ಮಂಗಳೂರಿಗೆ ಬಂದಾಗ ಮಾತ್ರ ನಾವೂ ಎಕ್ಸ್‌ಪ್ಯಾಟ್ ಅಂತ ಹೇಳಿಕೊಳ್ಳುವುದು, ಮದುವೆ ಮಾತುಕತೆಯಲ್ಲಿ ವಿಶೇಷವಾಗಿ. ಇಷ್ಟೇ.

ಕರಿಕೋಟು

ಮಂಡ್ಯ ಹೈದರಿಗೆ ಕೊನೆಯದಾಗಿ. ಹೊಸ ಪದ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನೂ ನಂಬಿಲ್ಲ. ಕೆಲವು ಸಲ ಹೊಸ ಪದ ಹಳೆಯದರಷ್ಟು ಕರಾರುವಾಕ್ಕಾಗಿಯೂ ಇರುವುದಿಲ್ಲ. ಅಮೆರಿಕನ್ ಸಮೋವಾ ದ್ವೀಪದವರನ್ನು ನೋಡಿ. ಅವರು ಅಮೆರಿಕದ 'ನ್ಯಾಷನಲ್', ಆದರೆ ಸಿಟಿಜನ್ ಅಲ್ಲ. ಪಾಸ್‌ಪೋರ್ಟಿನಲ್ಲೇ ಹಾಗೆ ಬರೆದಿರುತ್ತದೆ. ಅವರು ನಾನ್‌ಸಿಟಿಜನ್ ಹೌದು, ಏಲಿಯನ್ ಅಲ್ಲ. ಕಾಯ್ದೆ ಬರೆಯುವವರಿಗೆ ಇದು ತಲೆನೋವೇ.

ನನ್ನ ಲೆಕ್ಕ ಹೀಗಿದೆ. ಕಾಯ್ದೆಯೊಳಗೆ ಪದ ಏನಾದರೂ ಇರಲಿ. ಕಕ್ಷಿದಾರರ ಎದುರು, ಪತ್ರಿಕಾ ಹೇಳಿಕೆಯಲ್ಲಿ, ಕೋರ್ಟ್ ಹಾಲಿನಲ್ಲಿ ಹೆಸರು ಹಿಡಿದು ಕರೆಯಲಿ. 'ಇಲ್ಲೀಗಲ್' ಅನ್ನುವುದನ್ನು ಮನುಷ್ಯರಿಗೆ ಅಂಟಿಸಬಾರದು. ಎ.ಪಿ. ಸುದ್ದಿಸಂಸ್ಥೆ 2013ರಲ್ಲೇ ಆ ನಿಯಮ ಮಾಡಿಕೊಂಡಿತು: ಬಂದ ರೀತಿ ಅಕ್ರಮ ಇರಬಹುದು, ಬಂದವರನ್ನು ಹಾಗೆ ಬರೆಯುವುದಿಲ್ಲ ಅಂತ. ನಮ್ಮ ಕನ್ನಡ ಪತ್ರಿಕೆಗಳು ಇನ್ನೂ ಧಾರಾಳವಾಗಿ 'ಅಕ್ರಮ ವಲಸಿಗರು' ಅಂತಲೇ ಬರೆಯುತ್ತವೆ.

ಹಾಸನ್_ಟು_ಹೂಸ್ಟನ್

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಂಕ್ ಮಾಮನ ಪ್ರತಿಕ್ರಿಯೆಯನ್ನು ಆ ಹುಡುಗನಿಗೆ ಕಳಿಸಿದೆ. ಎಡಿಸನ್ ತಾತನದನ್ನೂ.

ಎಡಿಸನ್_ತಾತ

ವಕೀಲಮ್ಮ, ಚರ್ಚೆ ಮುಗಿಯುವ ಮುಂಚೆ ಒಂದು ಸ್ವಂತ ಪ್ರಶ್ನೆ. ಅಮೆರಿಕದ ಪೌರತ್ವ ತೆಗೆದುಕೊಂಡ ಮೇಲೆ ಒ.ಸಿ.ಐ. ಮಾಡಿಸಿದೆ. ಪುಸ್ತಕದ ಮೇಲೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಅಂತ ಚೆನ್ನಾಗಿ ಬರೆದಿದೆ. ಹೊಳೆನರಸೀಪುರದ ಹತ್ತಿರ ಅಣ್ಣನ ಗದ್ದೆಯ ಪಕ್ಕ ಎರಡು ಎಕರೆ ಮಾರಾಟಕ್ಕಿದೆ. 2020ರಲ್ಲಿ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಕಾನೂನು ಬದಲಾಯಿತಂತಲ್ಲ. ನಾನೂ ಕೊಳ್ಳಬಹುದಲ್ಲ?

ಕರಿಕೋಟು

ಆಗುವುದಿಲ್ಲ ತಾತ. 2020ರ ತಿದ್ದುಪಡಿ ರೈತರಲ್ಲದ ಭಾರತೀಯರಿಗೆ. ನಿಮ್ಮ ಪುಸ್ತಕದ ಮೇಲೆ 'ಸಿಟಿಜನ್' ಅಂತ ಇದ್ದರೂ ಕಾನೂನಿನಲ್ಲಿ ನೀವು ವಿದೇಶಿ ಪ್ರಜೆ. ಕೇಂದ್ರ ಸರ್ಕಾರದ 2021ರ ಮಾರ್ಚ್‌ನ ಅಧಿಸೂಚನೆಯಲ್ಲೂ ಅದೇ ಇದೆ. ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮದ ಪ್ರಕಾರ ಒ.ಸಿ.ಐ. ಇರುವವರು ಸೈಟು, ಫ್ಲ್ಯಾಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪ-ಅಮ್ಮನಿಂದ ಬಂದ ಪಾಲಾದರೆ ತೊಂದರೆ ಇಲ್ಲ, ಪೌತಿ ಖಾತೆ ಮಾಡಿಸಿಕೊಳ್ಳಿ. ಆ ಎರಡು ಎಕರೆ ನಿಮ್ಮ ಅಣ್ಣನವರೇ ತಮ್ಮ ದುಡ್ಡಿನಲ್ಲಿ ಕೊಳ್ಳಲಿ. ನಿಮ್ಮ ದುಡ್ಡು ಅವರ ಹೆಸರಿನಲ್ಲಿ ಹಾಕಬೇಡಿ, ಅದು ಬೇನಾಮಿ ಆಗುತ್ತದೆ.

ಮೇಷ್ಟ್ರು_ಶಿವಮೊಗ್ಗ

ತಾತ, 1913ರ ಕ್ಯಾಲಿಫೋರ್ನಿಯಾದಲ್ಲೂ ಜನ ಇಂಥದ್ದೇ ದಾರಿ ಹುಡುಕಿದ್ದರು. ಅಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಜಮೀನು ಬರೆಸುತ್ತಿದ್ದರು. 1920ರಲ್ಲಿ ಅದನ್ನೂ ಬಿಗಿ ಮಾಡಿದರು. ವಕೀಲಮ್ಮ ಹೇಳಿದ ಹಾಗೆ ಕೇಳಿ.